ಹಸ ಕಟ್ಟುವ ಗಂಟು

ಸ್ಕೌಟ್ ಶಿಬಿರಕ್ಕೆಂದು ಪಾಂಡವಪುರಕ್ಕೆ ರೈಲಿನಲ್ಲಿ ಹೋಗುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ನಿಲ್ದಾಣಕ್ಕೆ ಊರಿನ ಹೆಸರಿದೆ, ಊರು ಮಾತ್ರ ಅಲ್ಲಿಲ್ಲ. ಹಾಸಿಗೆ ಸುರುಳಿ, ಬಿದಿರು ಕೋಲು, ಪಾತ್ರೆ ಚೀಲದ ಸಮೇತ ಮೂವತ್ತೆರಡು ಹುಡುಗರನ್ನು ಏಪ್ರಿಲ್ ಬಿಸಿಲಲ್ಲಿ ಇಳಿಸಿಕೊಂಡು ಆಟೋ ಹುಡುಕುವ ಬದಲು ಮೈಸೂರಿನಲ್ಲೇ ಬಸ್ಸು ಹತ್ತಿಸಿ. ಶಿಬಿರ ನಡೆಯುವ ಕುಂತಿಬೆಟ್ಟ ಊರಿಗೆ ಹತ್ತಿರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದರು. ಡೇರೆಯೇನೂ ಈ ನೆಲಕ್ಕೆ ಹೊಸತಲ್ಲ.

ಬೇಸಿಗೆ ರಜೆಯ ಸ್ಕೌಟ್ ಶಿಬಿರ ಐದು ದಿನದ್ದು. ಎಂಟೆಂಟು ಹುಡುಗರ ನಾಲ್ಕು ಪೆಟ್ರೋಲ್. ಬಂಕಿನದ್ದಲ್ಲ, ಸ್ಕೌಟಿನಲ್ಲಿ ಚಿಕ್ಕ ಗುಂಪಿಗೆ ಆ ಹೆಸರು. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸಿ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೂ ಹುಡುಗರನ್ನು ನಾಲ್ಕು ಪೆಟ್ರೋಲ್ ಮಾಡಿದ್ದರು. ಬೆಳಗಿನ ಜಾವದ ವ್ಯಾಯಾಮ, ಧ್ವಜಾರೋಹಣ, ಡೇರೆ ತಪಾಸಣೆ, ರಾತ್ರಿಯ ಶಿಬಿರಾಗ್ನಿ ಎಲ್ಲ ಕಡೆಯೂ ಇರುವಂಥವೇ. ಶಿಬಿರಾಗ್ನಿಯ ನಾಟಕಗಳಲ್ಲಿ ಕುಡುಕನ ಪಾತ್ರವನ್ನು ಇನ್ನಾದರೂ ಕೈಬಿಡಬಹುದು.

ನೋಡಬೇಕಾದದ್ದು ಹಗ್ಗದ ಕೆಲಸ. ತಟ್ಟೆ ಇಡುವ ಅಟ್ಟಣೆ, ಚಪ್ಪಲಿ ಗೂಡು, ಹೆಬ್ಬಾಗಿಲು ಎಲ್ಲವೂ ಬಿದಿರು ಮತ್ತು ಹಗ್ಗದಲ್ಲೇ, ಒಂದು ಮೊಳೆಯೂ ಇಲ್ಲದೆ ಏಳಬೇಕು. ಎರಡು ಕೋಲು ಅಡ್ಡಡ್ಡ ಸೇರುವ ಕಡೆ ಸ್ಕ್ವೇರ್ ಲ್ಯಾಶಿಂಗ್ ಎಂಬ ಕಟ್ಟು. ನಿಂತ ಕೋಲಿಗೆ, ಅಡ್ಡಕೋಲಿನ ಕೆಳಗೆ, ಕ್ಲೋವ್ ಹಿಚ್ (ಎರಡು ಸುತ್ತು ಹಾಕಿ, ತುದಿಯನ್ನು ಎರಡನೇ ಸುತ್ತಿನಡಿ ತೂರಿಸುವ ಗಂಟು) ಹಾಕಿ ಶುರು ಮಾಡಿ, ಹಗ್ಗವನ್ನು ಅಡ್ಡಕೋಲಿನ ಮುಂದೆ, ನಿಂತ ಕೋಲಿನ ಹಿಂದೆ ಹಾಯಿಸುತ್ತ ಮೂರು ಸುತ್ತು. ಆಮೇಲೆ ಎರಡು ಕೋಲುಗಳ ನಡುವೆ ಹಗ್ಗ ತೂರಿಸಿ ಎರಡು ಬಿಗಿಸುತ್ತು. ಕೊನೆಗೆ ಅಡ್ಡಕೋಲಿಗೆ ಮತ್ತೊಂದು ಕ್ಲೋವ್ ಹಿಚ್. ಹುಡುಗರು ಎಡವುವುದು ಬಿಗಿಸುತ್ತಿನಲ್ಲಿ. ಮೂರು ಸುತ್ತು ಹಾಕುವ ಹೊತ್ತಿಗೆ ಕೈ ಸೋತಿರುತ್ತದೆ, ಹಗ್ಗ ಮುಗಿಯುತ್ತ ಬಂದಿರುತ್ತದೆ, ಉಳಿದದ್ದನ್ನು ಸುಮ್ಮನೆ ಸುತ್ತಿಬಿಡುತ್ತಾರೆ. ಮೊದಲ ಮೂರು ಸುತ್ತನ್ನು ಹಿಂಡಿ ಗಟ್ಟಿ ಮಾಡುವುದೇ ಆ ಎರಡು ಸುತ್ತು. ಅದು ಸಡಿಲವಾದ ಅಟ್ಟಣೆ ಮಧ್ಯಾಹ್ನದೊಳಗೆ ವಾಲುತ್ತದೆ, ತಟ್ಟೆಗಳು ಮಣ್ಣು ಸೇರುತ್ತವೆ.

ಎರಡನೇ ದಿನ ಹಸು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ಬೇಲಿಯಾಚೆ ನಿಂತರು. ಒಬ್ಬ ಹುಡುಗ ಗೂಟಕ್ಕೆ ಹಗ್ಗ ಕಟ್ಟುತ್ತಿದ್ದ.

"ಏನ್ಲಾ ಮಗ, ಯಾವ್ ಗಂಟದು?"

"ಕ್ಲೋವ್ ಹಿಚ್, ತಾತ."

"ಕ್ಲೋವೋ ಗೀವೋ. ಇದ್ರಲ್ಲಿ ಹಸ ಕಟ್ಟಿದ್ರೆ ಬೆಳಗ್ಗೆ ಗೂಟ ಇರ್ತದೆ, ಹಸ ಇರಕಿಲ್ಲ."

"ಯಾಕ್ ತಾತ? ಎಳುದ್ರೆ ಬಿಗಿಯಾಯ್ತದಲ್ಲ?"

"ಹಸ ಒಂದೇ ಕಡೆ ನಿಂತ್ಕಂಡು ಎಳೀತದಾ? ಗೂಟ ಸುತ್ತಾಕತದೆ. ಸುತ್ತಾಕ್ದಂಗೆಲ್ಲ ಬಿಚ್ಕತದೆ. ಕೊಡಿಲ್ಲಿ."

ಅಜ್ಜ ಗೂಟಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಎಳೆಯುವ ಹಗ್ಗದ ಮೇಲೇ ಎರಡು ಸಲ ಕುಣಿಕೆ ತೂರಿಸಿ ಎಳೆದರು. ಹುಡುಗ ಕೂಗಿಯೇಬಿಟ್ಟ:

"ಇದು ನಮ್ ಪುಸ್ತಕದಲ್ಲೈತೆ! ರೌಂಡ್ ಟರ್ನ್ ಅಂಡ್ ಟೂ ಹಾಫ್ ಹಿಚಸ್!"

"ನಿಮ್ ಪುಸ್ತಕ್ದೋರು ನಮ್ ಕೊಟ್ಗೆ ಯಾವಾಗ್ಲಾ ನೋಡುದ್ರು?"

ಸ್ಕೌಟ್ ಮಾಸ್ತರರು ನಕ್ಕು ಅಂದಿನ ಪಾಠವನ್ನು ಅಲ್ಲಿಂದಲೇ ಶುರು ಮಾಡಿದರು. ಕ್ಲೋವ್ ಹಿಚ್ ಕೆಟ್ಟ ಗಂಟಲ್ಲ. ಎರಡೂ ಕಡೆ ಸಮ ಎಳೆತವಿದ್ದರೆ ಚೆನ್ನಾಗಿ ಕಚ್ಚುತ್ತದೆ, ಅದಕ್ಕೇ ಲ್ಯಾಶಿಂಗ್ ಶುರುವಾಗುವುದು ಅದರಿಂದ. ಎಳೆತ ದಿಕ್ಕು ಬದಲಿಸುವಲ್ಲಿ ಅದನ್ನು ನಂಬಬಾರದು. ರೀಫ್ ಗಂಟು ಬ್ಯಾಂಡೇಜು ಕಟ್ಟಲು ಸರಿ. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸಲು ಶೀಟ್ ಬೆಂಡ್ ಗಂಟೇ ಬೇಕು. ಜಿಪ್‌ಲೈನಿಗೆ ದುಡ್ಡು ಕೀಳುವ ಈಗಿನ 'ಅಡ್ವೆಂಚರ್ ಕ್ಯಾಂಪು'ಗಳಲ್ಲಿ ಮಕ್ಕಳನ್ನು ಹಗ್ಗಕ್ಕೆ ನೇತುಹಾಕುತ್ತಾರೆಯೇ ವಿನಾ ಅವರ ಕೈಗೆ ಹಗ್ಗ ಕೊಡುವುದಿಲ್ಲ.

ಮೂರನೇ ದಿನ ಸಂಜೆ ಅಶ್ವಿನಿ ಮಳೆ ಗಾಳಿಯ ಜೊತೆ ಬಂತು. ಮಿಂಚು ಕಂಡೊಡನೆ ಹುಡುಗರನ್ನು ಬಂಡೆಗಳ ಮೇಲಿಂದ, ಒಂಟಿ ಮರದ ಕೆಳಗಿಂದ ಎಬ್ಬಿಸಿ ಪಕ್ಕದ ಕಟ್ಟಡಕ್ಕೆ ಕಳಿಸಿದ್ದು ಸರಿಯಾಯಿತು. ಡೇರೆಗಳಲ್ಲಿ ಎರಡು ಮಗುಚಿದವು. ಆ ಎರಡರ ಗೂಟಗಳನ್ನೂ ನೆಟ್ಟಗೆ ಹೊಡೆದಿದ್ದರು. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿ ಸುಮಾರು 45 ಡಿಗ್ರಿಯಲ್ಲಿರಬೇಕು, ಹಗ್ಗ ಎಳೆದಷ್ಟೂ ಆಗ ಮಣ್ಣು ಹಿಡಿಯುತ್ತದೆ. ಬೇಸಿಗೆಯ ಕೆಂಪು ಜರುಗು ನೆಲದಲ್ಲಿ ಗೂಟ ಇಳಿಯದಿದ್ದರೆ ಹಿಂದಿನ ರಾತ್ರಿಯೇ ಆ ಜಾಗಕ್ಕೆ ಒಂದು ಚೊಂಬು ನೀರು ಹಾಕಿಡಬೇಕು.

ಅಡುಗೆ ಆಯಾ ಪೆಟ್ರೋಲಿನದೇ ಜವಾಬ್ದಾರಿ. ಮೊಣಕೈಯುದ್ದದ ಕಾಲುವೆ ತೋಡಿ, ಗಾಳಿ ಬರುವ ಕಡೆ ಒಲೆಯ ಬಾಯಿ ಇಟ್ಟು, ಪಾತ್ರೆಯ ತಳಕ್ಕೆ ಹೊರಗಿನಿಂದ ಮಣ್ಣು ಬಳಿದರೆ ಮಸಿ ತೊಳೆಯುವ ಕಷ್ಟ ತಪ್ಪುತ್ತದೆ. ಮಂಡ್ಯ ಸೀಮೆಯಲ್ಲಿ ಶಿಬಿರ ಎಂದಮೇಲೆ ಮುದ್ದೆ ಇರಲೇಬೇಕು, ಇಲ್ಲಿಯವರ ಬಾಯಲ್ಲಿ ಅದು 'ಹಿಟ್ಟು'. ಎಂಟು ಮಂದಿಗೆ ಒಂದು ಕಿಲೋ ರಾಗಿಹಿಟ್ಟು, ಎರಡು ಲೀಟರ್ ನೀರು, ಚಿಟಿಕೆ ಉಪ್ಪು. ನೀರಿಗೆ ಮೊದಲು ಒಂದೆರಡು ಚಮಚ ಹಿಟ್ಟು ಕದಡಿ ಕುದಿಸಿ, ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೋಲಿನಿಂದ ಒಂದು ತೂತು ಮಾಡಿ ಬಿಡಬೇಕು. ಹತ್ತು ನಿಮಿಷ ಮುಟ್ಟಕೂಡದು. ಆಮೇಲೆ ಕೆಂಡ ಹಿಂದಕ್ಕೆಳೆದು, ಇಬ್ಬರು ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದರೆ ಮೂರನೆಯವನು ತೊಳಸಬೇಕು. ಅವಸರದವರ ಮುದ್ದೆಯಲ್ಲಿ ಗಂಟೋ ಗಂಟು. ಹಗಲೆಲ್ಲ ಗಂಟು ನಿಲ್ಲದೆ ಒದ್ದಾಡಿದ ಪೆಟ್ರೋಲಿಗೆ ರಾತ್ರಿ ಒಡೆದರೂ ಒಡೆಯದಷ್ಟು ಗಂಟು ಸಿಕ್ಕಿತ್ತು.

ನಾಲ್ಕನೇ ದಿನ ವಿಶ್ವೇಶ್ವರಯ್ಯ ನಾಲೆಯ ದಂಡೆ. ನೀರಿಗಿಳಿಯದೆ ಅಗಲ ಅಳೆಯಬೇಕು. ಎದುರು ದಡದ ಒಂದು ಮರ ಗುರುತಿಟ್ಟು, ಅದರ ನೇರಕ್ಕೆ ಈಚೆ ಒಂದು ಗೂಟ. ದಂಡೆಯುದ್ದಕ್ಕೂ ಮೂವತ್ತು ಹೆಜ್ಜೆ ನಡೆದು ಎರಡನೇ ಗೂಟ, ಮತ್ತೆ ಮೂವತ್ತು ಹೆಜ್ಜೆಗೆ ಮೂರನೆಯದು. ಅಲ್ಲಿಂದ ನಾಲೆಗೆ ಬೆನ್ನು ಮಾಡಿ ನೇರ ನಡೆಯುತ್ತ, ಎರಡನೇ ಗೂಟವೂ ಆಚೆಯ ಮರವೂ ಒಂದೇ ಸಾಲಿಗೆ ಬಂದಲ್ಲಿ ನಿಂತರೆ, ಮೂರನೇ ಗೂಟದಿಂದ ನಡೆದಷ್ಟೇ ನಾಲೆಯ ಅಗಲ. ಪಕ್ಕದ ಸೇತುವೆಯ ಮೇಲೆ ಟೇಪು ಹಿಡಿದಾಗ ಒಂದು ಪೆಟ್ರೋಲಿನ ಲೆಕ್ಕ ಎರಡು ಮೀಟರು ತಪ್ಪಿತ್ತು. ಮೂರನೇ ಗೂಟದ ಮೂಲೆಯನ್ನು ಕಣ್ಣಂದಾಜಿನಲ್ಲಿ ತಿರುಗಿದ್ದರು. ಸರಿ ಬಂದವರ ಬಳಿ ಸಮ ಅಂತರಕ್ಕೆ ಗಂಟು ಹಾಕಿದ ಹನ್ನೆರಡು ಅಂತರದ ಹಗ್ಗದ ಬಳೆಯಿತ್ತು. ಮೂರು, ನಾಲ್ಕು, ಐದರ ತ್ರಿಕೋನವಾಗಿ ಎಳೆದು ಹಿಡಿದರೆ ಮೂಲೆ ತಾನಾಗಿ 90 ಡಿಗ್ರಿ.

ಕೊನೆಯ ದಿನ ಎಲ್ಲ ಬಿಚ್ಚುವ ಕೆಲಸ. ಹೆಬ್ಬಾಗಿಲಿನ ನಾರಿನ ಹಗ್ಗ ಹತ್ತು ನಿಮಿಷದಲ್ಲಿ ಸುರುಳಿಯಾಯಿತು. ಒಂದು ಪೆಟ್ರೋಲ್ ಅಂಗಡಿಯಿಂದ ನೈಲಾನ್ ತಂದಿತ್ತು: ಕಟ್ಟುವಾಗ ಜಾರಿ ಜಾರಿ ಸಾಕಾಗಿಸಿದ್ದು, ಅದಕ್ಕೆಂದು ಮೇಲೆ ಮೇಲೆ ಹಾಕಿದ್ದ ಗಂಟುಗಳಿಂದ ಈಗ ಕುಡುಗೋಲಿಗೇ ಕೆಲಸ ಕೊಟ್ಟಿತು. ಸಾಮಾನಿನ ಪಟ್ಟಿಯಲ್ಲಿ 'ಹಗ್ಗ' ಎಂದಷ್ಟೇ ಬರೆದು ಕಳಿಸಬೇಡಿ. ನಾರಿನದ್ದು, ಕಿರುಬೆರಳ ದಪ್ಪದ್ದು ಎಂದು ಬರೆಯಿರಿ.