ಲಿಸ್ಬನ್ನಿನಲ್ಲಿ ಕಾಳುಮೆಣಸಿನ ಜಾಡು ಹಿಡಿದು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಹೋಗಿಬಂದವರು ಅಲ್ಲಿನ ಏರುಓಣಿಗಳ ಬಗ್ಗೆ, ಹಳದಿ ಟ್ರಾಮುಗಳ ಬಗ್ಗೆ, ಮನೆಗಳ ಗೋಡೆಗೆ ಹೊದಿಸಿದ ನೀಲಿ ಟೈಲ್ಸ್‌ಗಳ ಬಗ್ಗೆ ಹೇಳುತ್ತಾರೆ. ಅವೆಲ್ಲ ನನಗೂ ಹಿಡಿಸಿದವು. ಆದರೆ ಹೊನ್ನಾವರ ತಾಲ್ಲೂಕಿನಲ್ಲಿ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದ ನಡುವಿನ ಮನೆಯಲ್ಲಿ ಬೆಳೆದ ನನಗೆ ಆ ನಗರದಲ್ಲಿ ನೋಡಲೇಬೇಕೆಂದಿದ್ದ ಜಾಗ ಒಂದೇ: ತೇಜೊ ನದಿಯ ದಂಡೆಯ ಬೆಲೆಂ ಬಡಾವಣೆ. 1497ರ ಜುಲೈನಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. ಮರುವರ್ಷ ಅವು ಕಲ್ಲಿಕೋಟೆಯನ್ನು ಮುಟ್ಟಿ, ಹಿಂದಿರುಗುವಾಗ ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿ ತಂಗಿದ್ದವು.

ಟ್ರಾಮಿನಿಂದಿಳಿದು ಮೊದಲು ಜೆರೊನಿಮೊಸ್ ಮಠಕ್ಕೆ ಹೋದೆ. ದೊರೆ ಒಂದನೆಯ ಮ್ಯಾನುಯೆಲ್ 1501ರಲ್ಲಿ ಆರಂಭಿಸಿದ ಈ ಕಟ್ಟಡ ಮುಗಿಯಲು ಸುಮಾರು ನೂರು ವರ್ಷ ಹಿಡಿಯಿತು. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆಯ ಹಣ ಇದರ ನಿರ್ಮಾಣಕ್ಕೆ ಹೋಯಿತು. ಆ ತೆರಿಗೆಯನ್ನು ಜನ ಕರೆಯುತ್ತಿದ್ದುದು ಕಾಳುಮೆಣಸಿನ ಹೆಸರಿನಿಂದಲೇ. ಒಳಗೆ ಸುಮಾರು 25 ಮೀಟರ್ ಎತ್ತರದ ಸಪೂರ ಕಂಬಗಳು ಮೇಲೇರಿ ಕವಲೊಡೆದು ಚಾವಣಿಯನ್ನು ಹೊತ್ತಿವೆ. ಅವುಗಳ ಮೈತುಂಬ ಎಲೆಬಳ್ಳಿಗಳ ಕೆತ್ತನೆ. ಕಟ್ಟಡದ ಬೇರೆಡೆಗಳಲ್ಲಿ ಹಡಗಿನ ಹಗ್ಗದ ಹುರಿಗಳನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಹುರಿಯ ಎಳೆಗಳು ಒಂದರ ಮೇಲೊಂದು ಸುತ್ತಿಕೊಂಡಿರುವ ರೀತಿಯನ್ನು ಹತ್ತಿರದಿಂದ ನೋಡಿದರೆ, ಆ ಶಿಲ್ಪಿ ಬಂದರಿನಲ್ಲಿ ಹಗ್ಗ ಹೊಸೆಯುವವರ ಪಕ್ಕ ಕುಳಿತು ನೋಡಿಯೇ ಕಡೆದಿರಬೇಕು ಎನಿಸುತ್ತದೆ.

ಬಾಗಿಲು ದಾಟಿದೊಡನೆ ಒಂದು ಪಕ್ಕದಲ್ಲಿ ಗಾಮನ ಸಮಾಧಿಯಿದೆ. ಅವನು 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಈಗಿರುವ ಸಮಾಧಿ 19ನೇ ಶತಮಾನದ್ದು. ಕೈಮುಗಿದು ಮಲಗಿದ ಕಲ್ಲಿನ ಆಕೃತಿಯ ಸುತ್ತ ಪ್ರವಾಸಿಗರು ಕಿಕ್ಕಿರಿದಿದ್ದರು. ನಾನು ಹೆಚ್ಚು ಹೊತ್ತು ನಿಂತದ್ದು ಬಲಿಪೀಠದ ಇಕ್ಕೆಲಗಳಲ್ಲಿರುವ ರಾಜಸಮಾಧಿಗಳೆದುರು. ಮ್ಯಾನುಯೆಲನ ಮತ್ತು ಅವನ ಮಗನ ಕುಟುಂಬಗಳ ಆ ಕಲ್ಲುಪೆಟ್ಟಿಗೆಗಳನ್ನು ಹೊತ್ತಿರುವುದು ಅಮೃತಶಿಲೆಯ ಆನೆಗಳು. ಬೆನ್ನಿನ ಮೇಲೆ ಅಷ್ಟು ಭಾರ ಹೊತ್ತು, ಸೊಂಡಿಲು ಇಳಿಬಿಟ್ಟು ನಿಂತ ಆ ಪ್ರಾಣಿಗಳನ್ನು ಕಂಡಾಗ, ನಮ್ಮ ದೇಗುಲಗಳ ಆನೆಸಾಲುಗಳನ್ನು ನೋಡಿ ಬೆಳೆದ ನನಗೆ ಸಂತೋಷವೂ ಆಯಿತು, ಮನಸ್ಸು ಭಾರವೂ ಆಯಿತು. ಪೂರ್ವದ ಸಂಪತ್ತು ಈ ಅರಸುಮನೆತನವನ್ನು ಹೇಗೆ ಹೊತ್ತು ನಿಂತಿತೆಂಬುದನ್ನು ಆ ಶಿಲ್ಪಿಗಳು, ಅರಿತೋ ಅರಿಯದೆಯೋ, ಇದ್ದದ್ದಿದ್ದಂತೆ ಹೇಳಿಬಿಟ್ಟಿದ್ದಾರೆ.

ಅಲ್ಲಿಂದ ನದಿಯ ಕಡೆಗೆ ನಡೆದರೆ 1960ರಲ್ಲಿ ಕಟ್ಟಿದ ನಾವಿಕರ ಸ್ಮಾರಕ ಸಿಗುತ್ತದೆ. ಹಡಗಿನ ಮೂತಿಯಂತೆ ನೀರಿನ ಮೇಲೆ ಚಾಚಿಕೊಂಡ ಆ ಕಲ್ಲಿನ ರಚನೆಯಲ್ಲಿ ರಾಜಕುಮಾರ ಹೆನ್ರಿಯನ್ನು ಮುಂದಿಟ್ಟುಕೊಂಡು 33 ಆಕೃತಿಗಳಿವೆ: ನಾವಿಕರು, ಪಾದ್ರಿಗಳು, ನಕ್ಷೆಕಾರರು, ಕವಿಗಳು. ಹೆಣ್ಣಿನ ಆಕೃತಿ ಒಂದೇ. ಅದು ಹೆನ್ರಿಯ ತಾಯಿ, ರಾಣಿ ಫಿಲಿಪ್ಪಾಳದು. ಸ್ಮಾರಕದ ಮುಂದಿನ ನೆಲದಲ್ಲಿ ಬಣ್ಣದ ಕಲ್ಲುಗಳಿಂದ ಮಾಡಿದ ಬೃಹತ್ ದಿಕ್ಸೂಚಿ, ಅದರ ನಡುವೆ ಭೂಪಟ. ಪೋರ್ಚುಗೀಸರು ತಲುಪಿದ ನೆಲಗಳ ಪಕ್ಕದಲ್ಲಿ ವರ್ಷಗಳನ್ನು ಬರೆದಿದ್ದಾರೆ. ಮಕ್ಕಳು ಖಂಡದಿಂದ ಖಂಡಕ್ಕೆ ಜಿಗಿಯುತ್ತಿದ್ದರು. ಭಾರತದ ಪಶ್ಚಿಮ ಕರಾವಳಿಯ ಮೇಲೆ ನಿಂತು ನಾನು ನೆನೆದದ್ದು ಇನ್ನೊಬ್ಬ ರಾಣಿಯನ್ನು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು.

16ನೇ ಶತಮಾನದ ಉತ್ತರಾರ್ಧದಲ್ಲಿ ಶರಾವತಿಯ ಸೀಮೆಯನ್ನು ದೀರ್ಘಕಾಲ ಆಳಿದ ಆಕೆಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಎಂದು ಕರೆದರು, ಏಕೆಂದರೆ ಘಟ್ಟದ ಮೆಣಸು ಆಕೆಯ ಬಂದರುಗಳ ಮೂಲಕ ಹಡಗು ಹತ್ತುತ್ತಿತ್ತು. ಈ ಜನರೊಡನೆ ನಮ್ಮ ಕರಾವಳಿಯ ಸಂಬಂಧ ಬರೀ ಕೊಡುಕೊಳ್ಳುವಿಕೆಯದಾಗಿರಲಿಲ್ಲ. 1505ರಲ್ಲಿ ಅವರು ಹೊನ್ನಾವರದ ಬಂದರಿನಲ್ಲಿ ಹಡಗುಗಳನ್ನು ಸುಟ್ಟರು. 1569ರಲ್ಲಿ ಅಲ್ಲಿನ ಕೋಟೆಯನ್ನು ಹಿಡಿದರು. 1510ರಲ್ಲಿ ಗೋವೆಯ ಮೇಲೆ ದಂಡೆತ್ತಿ ಹೋಗುವಂತೆ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನಿಗೆ ಒತ್ತಾಯಿಸಿದವನು ಕೂಡ ಹೊನ್ನಾವರದ ನೌಕಾನಾಯಕ ತಿಮ್ಮೋಜನೇ. ಅದೇ ಅಲ್ಬುಕರ್ಕನ ಪ್ರತಿಮೆ ಬೆಲೆಂನ ಚೌಕದಲ್ಲಿ ಎತ್ತರದ ಕಂಬದ ಮೇಲೆ ನಿಂತಿದೆ. ಗೆದ್ದವನನ್ನು ಅವನ ಊರು ನೆನೆಯುವುದು ಸಹಜ. ಆದರೆ ಏಣಿಯ ಮೇಲೆ ನಿಂತು ಬಳ್ಳಿಯಿಂದ ಮೆಣಸು ಕೊಯ್ದು, ತುಳಿದು ಬಿಡಿಸಿ, ಕಾಳು ಕಪ್ಪಾಗುವವರೆಗೆ ಬಿಸಿಲಿಗೆ ಹರವಿದವರ ಗುರುತು ಈ ದಂಡೆಯಲ್ಲಿ ನನಗೆ ಎಲ್ಲಿಯೂ ಕಾಣದಿದ್ದುದು ನಿಜವಾಗಿಯೂ ನೋವು ತಂದಿತು.

ಬೆಲೆಂ ಗೋಪುರದ ಒಂದು ಬುರುಜಿನ ಬುಡದಲ್ಲಿ ಘೇಂಡಾಮೃಗದ ತಲೆಯೊಂದಿದೆ. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವನ್ನು ಅಲ್ಬುಕರ್ಕ್ ಗೋವೆಯಿಂದ ಹಡಗಿನಲ್ಲಿ ಕಳುಹಿಸಿದ್ದ. ಅದು 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿದಾಗ ಊರಿಗೆ ಊರೇ ಬೆರಗಾಯಿತು. ಮಳೆಗಾಳಿಗೆ ಸಿಕ್ಕಿ ಆ ಕಲ್ಲು ಎಷ್ಟು ಸವೆದಿದೆಯೆಂದರೆ, ಮೊದಲೇ ತಿಳಿದು ಹೋಗದಿದ್ದರೆ ಅದನ್ನು ಗುರುತಿಸುವುದು ಕಷ್ಟ.

ಸಂಜೆ ನಗರದ ನಡುವಿನ ನದೀತೀರದ ದೊಡ್ಡ ಚೌಕಕ್ಕೆ ಮರಳಿದೆ. ಹಿಂದೆ ಅಲ್ಲಿ ಅರಮನೆಯೂ, ಪೂರ್ವದೇಶಗಳ ವ್ಯಾಪಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಕಾಸಾ ದ ಇಂಡಿಯಾ ಕಚೇರಿಯೂ ಇದ್ದವು. 1755ರ ನವೆಂಬರ್ 1ರಂದು ಸಂಭವಿಸಿದ ಭೂಕಂಪ, ಅದರ ಬೆನ್ನಿಗೇ ಬಂದ ಸುನಾಮಿ ಮತ್ತು ಬೆಂಕಿ ಅವೆರಡನ್ನೂ ಅಳಿಸಿಹಾಕಿದವು. ಹೊನ್ನಾವರ, ಭಟ್ಕಳ, ಮಂಗಳೂರುಗಳ ಕುರಿತ ಎಷ್ಟೋ ಕಾಗದಪತ್ರಗಳು ಅಂದೇ ನಾಶವಾಗಿರಬೇಕು. ಉಳಿದವು ಆ ದೇಶದ ಪತ್ರಾಗಾರದಲ್ಲಿವೆ. ಕನ್ನಡ ಬಲ್ಲ ಹೆಚ್ಚು ಮಂದಿ ತರುಣ ಸಂಶೋಧಕರು ಪೋರ್ಚುಗೀಸ್ ಕಲಿತು ಅವುಗಳನ್ನು ಓದುವಂತಾಗಬೇಕು. ನಮ್ಮ ಕಡೆಯಿಂದ ಲಿಸ್ಬನ್ನಿಗೆ ಹೊರಡುವವರಲ್ಲಿ ನನ್ನದೊಂದು ಕೋರಿಕೆ: ಹೋಗುವ ಮುನ್ನ ಗೇರುಸೊಪ್ಪೆಯ ಬಳಿ ಕಾಡಿನೊಳಗಿರುವ ನಗರಬಸ್ತಿಕೇರಿಗೆ ಹೋಗಿ, ನಾಲ್ಕೂ ದಿಕ್ಕಿಗೆ ಬಾಗಿಲುಳ್ಳ ಚತುರ್ಮುಖ ಬಸದಿಯನ್ನು ನೋಡಿರಿ. ಅದನ್ನು ಕಂಡವರಿಗೆ ಬೆಲೆಂನ ಕಲ್ಲುಗಳ ಹಿಂದಿರುವ ಇನ್ನೊಂದು ಊರೂ ಕಾಣುತ್ತದೆ.