ಮಾಡು ಹಾಕಿದ ಸಂಕ

ಅಮೆರಿಕದ ಇಂಡಿಯಾನಾಪೊಲಿಸ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಪಾರ್ಕ್ ಕೌಂಟಿ. ದಾರಿಯುದ್ದಕ್ಕೂ ಒಣಗಿ ನಿಂತ ಮೆಕ್ಕೆಜೋಳ, ಆಮೇಲೆ ಸೋಯಾ, ಮತ್ತೆ ಮೆಕ್ಕೆಜೋಳ. ಶಿರಸಿಯಿಂದ ಬಂದಿದ್ದ ಆಯಿ ಅರ್ಧ ದಾರಿಗೇ ನಿದ್ದೆ ಹೋಗಿದ್ದಳು. ಬ್ರಿಡ್ಜ್‌ಟನ್ ಹತ್ತಿರ ಎಚ್ಚರ ಆಗಿ, ಕಿಟಕಿಯಾಚೆ ನೋಡಿ ಹೇಳಿದ್ದು ಒಂದೇ ಮಾತು: "ಇದೆಂತ, ಸಂಕಕ್ಕೂ ಮಾಡು!"

ಹೌದು, ಇಲ್ಲಿ ಸೇತುವೆಗೆ ಮಾಡು ಅಂದರೆ ಸೂರು, ಗೋಡೆ ಎಲ್ಲ ಇದೆ. ಇಡೀ ಕೌಂಟಿಯಲ್ಲಿ ಇಂಥವು 31 ಇವೆ. ಚಂದಕ್ಕೆ ಮಾಡಿದ್ದಲ್ಲ. ಸೇತುವೆಯನ್ನು ಹೊತ್ತು ನಿಂತ ಮರ ಮಳೆ, ಹಿಮಕ್ಕೆ ಬೇಗ ಕುಂಬಾಗುತ್ತದೆ, ಮೇಲೆ ಸೂರಿದ್ದರೆ ತಲೆಮಾರುಗಟ್ಟಲೆ ಬಾಳುತ್ತದೆ, ಅಷ್ಟೇ. ನಮ್ಮ ಕಡೆ ಅಡಿಕೆ ಮರದ ಸಂಕವನ್ನು ಮಳೆಗಾಲ ಬಂದಾಗಲೆಲ್ಲ ಹೊಸದಾಗಿ ಹಾಕುತ್ತೇವೆ, ಅಲ್ವಾ? ಒಳಗೆ ಹೋದರೆ ಎರಡೂ ಬದಿಗೆ ಬಿಲ್ಲಿನ ಹಾಗೆ ಬಾಗಿದ ತೊಲೆಗಳು, ಹೊಸ ಮರದ ವಾಸನೆ ಮಾತ್ರ ಇಲ್ಲ. ಆದರೆ ಬ್ರಿಡ್ಜ್‌ಟನ್‌ನ ಈ ಸೇತುವೆ ನಿಜಕ್ಕೂ ಹೊಸದೇ. 1868ರ ಹಳೆಯದಕ್ಕೆ 2005ರಲ್ಲಿ ಯಾರೋ ಬೆಂಕಿ ಇಟ್ಟರು. ಊರವರು ದುಡ್ಡು ಸೇರಿಸಿ, ತಾವೂ ಕೈಹಾಕಿ, 2006ಕ್ಕೆ ಮರದಲ್ಲೇ ಮತ್ತೆ ಎಬ್ಬಿಸಿದರು.

1957ರಿಂದ ಅಕ್ಟೋಬರ್‌ನಲ್ಲಿ ಹತ್ತು ದಿನ ಈ ಸೇತುವೆಗಳ ಹಬ್ಬ ನಡೆಯುತ್ತದೆ. ಹಬ್ಬ ಅಂದರೆ ನಮ್ಮ ಮಾರಿಜಾತ್ರೆ ಪೇಟೆಯೇ, ತೇರೊಂದಿಲ್ಲ. ಸಾಲು ಅಂಗಡಿ, ಕುಂಬಳಕಾಯಿ ರಾಶಿ, ಹಳೇ ಕಬ್ಬಿಣದ ಸಾಮಾನು, ಎಲ್ಲ ಕಡೆ ಮಾಂಸ ಸುಡುವ ಹೊಗೆ. ಸಸ್ಯಾಹಾರಿಗಳಿಗೆ ಕಷ್ಟ, ನಾವು ಕರಿದ ಆಲೂಗಡ್ಡೆಯಲ್ಲೇ ದಿನ ಕಳೆದೆವು. ಟ್ರಾಫಿಕ್ಕಂತೂ ಕೇಳಬೇಡಿ. ಕೊನೆಗೆ ಒಬ್ಬ ಅಜ್ಜ ತನ್ನ ಮನೆ ಅಂಗಳದಲ್ಲೇ ಕಾರು ನಿಲ್ಲಿಸಿಕೊಂಡು ಹತ್ತು ಡಾಲರ್ ನಗದು ಇಸಿದುಕೊಂಡ. ಅವನ ಹುಲ್ಲಂಗಳದಲ್ಲಿ ಆಗಲೇ ಹದಿನೈದು ಕಾರಿದ್ದವು. ಜೋಳದ ಬೆಲೆ ಹೇಗೇ ಇರಲಿ, ಈ ಹತ್ತು ದಿನ ಅಂಗಳವೂ ಫಸಲು ಕೊಡುತ್ತದೆ.

ಸೇತುವೆ ಪಕ್ಕದಲ್ಲೇ ಗಿರಣಿ. 1823ರಿಂದ ಇಲ್ಲೊಂದು ಗಿರಣಿ ಇದೆ, ಈಗಲೂ ಕಲ್ಲಿನಲ್ಲೇ ಬೀಸುತ್ತಾರೆ. ಆಯಿ ಅಲ್ಲಿಂದ ಏಳಲೇ ಇಲ್ಲ. ಹಳದಿ ಮೆಕ್ಕೆಜೋಳದ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ, ಮೂಸಿ, "ದೋಸೆಗೆ ಅಡ್ಡಿಲ್ಲೆ" ಅಂದಳು. ಎರಡು ಚೀಲ ತಗೊಂಡೆವು.

ಮರುದಿನ ಅಕ್ಕಿಹಿಟ್ಟು ಬೆರೆಸಿ ಎರೆದಳು. ಮೊದಲನೇದು ಕಾವಲಿಗೇ ಅಂಟಿತು. ಎರಡನೇದಕ್ಕೆ ಜೋನಿಬೆಲ್ಲ ಇರಲಿಲ್ಲ, ಸುಮ್ನೆ ಮೇಪಲ್ ಸಿರಪ್ ಸುರಿದುಕೊಂಡು ತಿಂದೆವು.