ಮಳೆಮಾಪಕದ ಕೆಲಸ: ಕಾನ್ಫಿಗ್ ಫೈಲ್ ಇಲ್ಲದಿದ್ದರೆ ಶುರುವಾಗಲೇ ಬಾರದು

ಶಿರಸಿಯ ನಮ್ಮ ತೋಟದ ಮಳೆಮಾಪಕಕ್ಕೆ ಈ ವಾರ ಮಾಡಿದ ಕೆಲಸ ಒಂದೇ: ಪ್ರೋಗ್ರಾಂ ಏಳುವಾಗಲೇ ಕಾನ್ಫಿಗ್ ಫೈಲ್ (ಅದರ ಸೆಟ್ಟಿಂಗ್‌ಗಳಿರುವ ಫೈಲ್) ಇದೆಯೋ ಇಲ್ಲವೋ ನೋಡಿಕೊಳ್ಳುವುದು.

ಮಾಪಕದ ಪುಟ್ಟ ಬಕೆಟ್ ಮಗುಚಿದಾಗಲೆಲ್ಲ ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರಿಗೆ ಒಂದು ಪಲ್ಸ್ ಬರುತ್ತದೆ. ಒಂದು ಸಲ ಮಗುಚಿದರೆ ಎಷ್ಟು ಮಿ.ಮೀ. ಎಂಬುದು ಮಾಪಕದಿಂದ ಮಾಪಕಕ್ಕೆ ಬೇರೆ, ನಮ್ಮದು 0.2. ಈ ಅಂಕಿ ಇರುವುದು ಕಾನ್ಫಿಗ್‌ನಲ್ಲಿ. ಫೈಲ್ ಕಾಣೆಯಾಗಿ ಪ್ರೋಗ್ರಾಂ ತನ್ನಷ್ಟಕ್ಕೆ 0.5 ಎಂದುಕೊಂಡು ಓಡಿದರೆ 100 ಮಿ.ಮೀ. ಮಳೆ 250 ಆಗಿ ಬರೆದುಕೊಳ್ಳುತ್ತದೆ. ಆಷಾಢದ ಶಿರಸಿಯಲ್ಲಿ ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಅಡಿಕೆಗೆ ಕೊಳೆ ಮದ್ದು ಹೊಡೆಸುವಾಗ ಅಪ್ಪಯ್ಯ ಈ ಲೆಕ್ಕವನ್ನೇ ನೋಡುತ್ತಾರೆ.

ಕಾನ್ಫಿಗ್ ಓದಿಕೊಡುವ ಪೈಥಾನಿನ ಕಾನ್ಫಿಗ್‌ಪಾರ್ಸರ್ ಇಲ್ಲಿ ಸ್ವಲ್ಪ ಕಳ್ಳ. ಇಲ್ಲದ ಫೈಲಿನ ಹೆಸರು ಕೊಟ್ಟರೂ ಅದರ ‘ರೀಡ್’ ತುಟಿಪಿಟಕ್ ಅನ್ನುವುದಿಲ್ಲ. ಓದಲು ಸಿಕ್ಕ ಫೈಲುಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಆ ಪಟ್ಟಿ ಖಾಲಿಯೇ ಎಂದು ನಾವೇ ನೋಡಬೇಕು. ಜೊತೆಗೆ ಫಾಲ್‌ಬ್ಯಾಕ್ ಬೆಲೆಯನ್ನೂ (ಅಂಕಿ ಸಿಗದಿದ್ದರೆ ಬಳಸುವ ಬದಲಿ ಬೆಲೆ) ಕೊಟ್ಟಿದ್ದರೆ ಮುಗಿದೇ ಹೋಯಿತು. ಅದಕ್ಕೇ ಈಗ ‘ಓಪನ್’ ಮಾಡಿಯೇ ಓದಿಸುತ್ತೇನೆ. ಫೈಲ್ ಇಲ್ಲವೆಂದರೆ ಫೈಲ್‌ನಾಟ್‌ಫೌಂಡ್‌ಎರರ್, ಓದುವ ಅನುಮತಿ ಇಲ್ಲವೆಂದರೆ ಪರ್ಮಿಶನ್‌ಎರರ್. ಎರಡಕ್ಕೂ ಬೇರೆ ಸಂದೇಶ, ಎರಡರಲ್ಲೂ ಪೂರ್ತಿ ಪಾತ್ (ಫೈಲ್ ಇರುವ ಜಾಗದ ವಿಳಾಸ). ಮೊದಲು ‘ಎಕ್ಸಿಸ್ಟ್ಸ್’ ಕೇಳಿ ಆಮೇಲೆ ತೆರೆಯುವ ಕ್ರಮ ನನಗೆ ಹಿಡಿಸುವುದಿಲ್ಲ. ಫೈಲ್ ಇದ್ದ ಮಾತ್ರಕ್ಕೆ ಓದಲು ಬರುತ್ತದೆ ಎಂದೇನಿಲ್ಲ.

ಪಾತ್ ಪೂರ್ತಿ ಬೇಕು ಅನ್ನುವುದಕ್ಕೆ ಕಾರಣವಿದೆ. ಬೂಟ್ ಆದಾಗ ಪ್ರೋಗ್ರಾಂ ಎಬ್ಬಿಸುವುದು ಸಿಸ್ಟಮ್‌ಡಿ. ಅದರ ಸೇವೆಗೆ ವರ್ಕಿಂಗ್‌ಡೈರೆಕ್ಟರಿ (ಯಾವ ಫೋಲ್ಡರಿನಲ್ಲಿ ಓಡಬೇಕು ಎಂಬುದು) ಹೇಳದಿದ್ದರೆ ಪ್ರೋಗ್ರಾಂ ಫೈಲನ್ನು ರೂಟ್‌ನಿಂದ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ, ಹುಡುಕುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ್ದು ಬೂಟ್ ಆದಾಗ ಓಡುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಪೈ ದಿನಕ್ಕೆಷ್ಟು ಸಲ ಬೂಟ್ ಆಗುತ್ತದೋ.

ಕಾನ್ಫಿಗ್ ಸಿಗದಿದ್ದರೆ ಪ್ರೋಗ್ರಾಂ 78 ಎಂಬ ಎಕ್ಸಿಟ್ ಕೋಡ್ ಕೊಟ್ಟು ನಿಲ್ಲುತ್ತದೆ. ಯುನಿಕ್ಸ್‌ನ ಹಳೆಯ ರೂಢಿಯಲ್ಲಿ ಅದು ಕಾನ್ಫಿಗರೇಶನ್ ದೋಷದ ಸಂಖ್ಯೆ. ಆ ಕೋಡ್ ಬಂದರೆ ಮತ್ತೆ ಮತ್ತೆ ಎಬ್ಬಿಸಬೇಡ ಎಂದು ಸಿಸ್ಟಮ್‌ಡಿಗೂ ಹೇಳಿಟ್ಟೆ. ಲಾಗ್ ಓದುವವರು ಮನೆಯಲ್ಲಿ ನಾನೊಬ್ಬನೇ, ಹಾಗಾಗಿ ಜಗುಲಿಯ ಡಬ್ಬಿಗೆ ಒಂದು ಕೆಂಪು ಎಲ್‌ಇಡಿ. ಫೈಲಿನ ಹೆಸರು ಬದಲಿಸಿ ರೀಸ್ಟಾರ್ಟ್ ಮಾಡಿದೆ. “ಎಂತದೋ, ಕೆಂಪು ದೀಪ ಹತ್ತಿದ್ದು ನೋಡು” ಎಂದು ಅಪ್ಪಯ್ಯ ಕೂಗಿದರು. ಪರೀಕ್ಷೆ ಪಾಸು.

ಉಳಿದದ್ದು ಖಾಲಿ ಫೈಲಿನ ಕಥೆ. ಬರೆಯುವಾಗಲೇ ಕರೆಂಟು ಹೋದರೆ ಸೊನ್ನೆ ಬೈಟಿನ ಫೈಲ್ ಉಳಿಯಬಹುದು. ಅದು ಇದೆ, ತೆರೆಯುತ್ತದೆ, ಒಳಗೆ ಏನೂ ಇಲ್ಲ. ಹಾಗಾಗಿ ಬಕೆಟ್ಟಿನ ಅಂಕಿಯನ್ನು ಕಡ್ಡಾಯ ಮಾಡುತ್ತೇನೆ, ಅಪ್‌ಲೋಡ್ ಸಮಯಕ್ಕೆ ಮಾತ್ರ ಡಿಫಾಲ್ಟ್. ಬರೆಯುವಾಗ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕಿಗೆ ಸೇರುವಂತೆ ಮಾಡಿ), ಆಮೇಲೆ ಹೆಸರು ಬದಲಿಸುವ ಕೋಡ್ ಅರ್ಧ ಆಗಿದೆ.